ಜೆರಾಕ್ಸ್ ನಂಜುಂಡಪ್ಪ ಆಡಿದ ಆಟ

ಗುಂಡ್ಲುಪೇಟೆಯಲ್ಲಿ ಕಾಲೇಜಿನ ಎದುರಿಗೆ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ನಂಜುಂಡಪ್ಪನಿಗೆ ಈಗ ಅರವತ್ತೊಂದು. ಅಂಗಡಿಗೆ ಬರುವ ಹುಡುಗ ಹುಡುಗಿಯರಿಗೆಲ್ಲ ಅವನು ಅಂಕಲ್. ಹಾಲ್ ಟಿಕೆಟ್ಟೋ, ಜಾತಿ ಸರ್ಟಿಫಿಕೇಟೋ, ಯಾರದೋ ನೋಟ್ಸೋ, ಏನು ಕೊಟ್ಟರೂ ಓದದೆ ಮೆಷಿನ್ನಿನ ಮೇಲೆ ಮಗುಚಿ ಹಾಕುತ್ತಾನೆ. ಇನ್ನೊಬ್ಬರ ಕಾಗದ ಓದಬಾರದು ಅನ್ನುವುದು ಅವನಿಗೆ ಅವನೇ ಹಾಕಿಕೊಂಡ ಕಟ್ಟು. ಆ ಕಟ್ಟು ಮುರಿದದ್ದು ಒಂದೇ ಸಲ. ಹೋದ ಆಷಾಢದಲ್ಲಿ ಭವ್ಯ ಮೇಡಂ ತಂದ ಹಾಳೆಯನ್ನು ಅವನು ನಿಂತಲ್ಲೇ ಪೂರ್ತಿ ಓದಿಬಿಟ್ಟ.

ಭವ್ಯ ಚಂದಕವಾಡಿಯವಳು. ಮೈಸೂರಿನಲ್ಲಿ ಎಂಬಿಎ ಮುಗಿಸಿ ಈ ಕಾಲೇಜಿಗೆ ಅತಿಥಿ ಉಪನ್ಯಾಸಕಿಯಾಗಿ ಬಂದು ಎರಡು ವರ್ಷವಾಗಿತ್ತು. ಬಿಬಿಎ ಮಕ್ಕಳಿಗೆ ಸಪ್ಲೈ ಚೈನ್ ಪಾಠ ಮಾಡುತ್ತಿದ್ದಳು. ಅಂದರೆ ಒಂದು ಸಾಮಾನು ಬೆಳೆಯುವ ಜಾಗದಿಂದ ಬಳಸುವವರ ಮನೆಯ ತನಕ ಯಾರ್ಯಾರ ಕೈ ದಾಟಿ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ, ಯಾಕೆ ನಿಲ್ಲುತ್ತದೆ ಅನ್ನುವ ಪಾಠ. ಅವಳು ತಂದ ಹಾಳೆಯಲ್ಲಿ ಐದು ಕಾಲಂ ಇದ್ದವು. ವಾರ, ಬಂದ ಆರ್ಡರ್, ಕಳಿಸಿದ್ದು, ಕಳಿಸಲಾಗದೆ ಉಳಿದದ್ದು, ನಾನು ಹಾಕುವ ಆರ್ಡರ್. ಈ ಐದು ಮಾತುಗಳನ್ನು ನಂಜುಂಡಪ್ಪ ತನ್ನ ಕೈಯಾರೆ ಇಪ್ಪತ್ತನಾಲ್ಕು ವರ್ಷ ಬರೆದಿದ್ದ. ಬರೆಯುವುದು ಬಿಟ್ಟು ಹನ್ನೆರಡು ವರ್ಷವಾಗಿತ್ತು.

"ಇದು ಯಾವ ಮಂಡಿದು ಮೇಡಂ?" ಎಂದು ಕೇಳಿದ.

ಮಂಡಿಯದಲ್ಲ, ಆಟದ್ದು, ನಾಳೆ ಮಕ್ಕಳಿಗೆ ಒಂದು ಆಟ ಆಡಿಸುತ್ತೇನೆ ಅಂದಳು ಭವ್ಯ. ಮುನ್ನೂರು ಪ್ರತಿ ಬೇಕು, ಜೊತೆಗೆ ಅಂಗೈಯಗಲದ ಚೀಟಿಗಳು ಒಂದು ಸಾವಿರ. ಚೀಟಿ ಕತ್ತರಿಸುವುದಕ್ಕೆ ಹೊತ್ತು ಸಾಲದೆ, ಬೆಳಿಗ್ಗೆ ತಾನೇ ಹಾಲ್‌ಗೆ ತಂದು ಕೊಡುತ್ತೇನೆ ಎಂದು ನಂಜುಂಡಪ್ಪ ಒಪ್ಪಿಕೊಂಡ.

ಅವನ ಹಿಂದಿನ ಬದುಕು ಇಲ್ಲಿ ಹೇಳಿಬಿಡಬೇಕು. ತೆರಕಣಾಂಬಿಯ ತರಕಾರಿ ಮಾರುಕಟ್ಟೆಯಲ್ಲಿ ಅವನು ಏಜೆಂಟನಾಗಿದ್ದ. ಪಿಯುಸಿ ಮುಗಿಸಿ ಕೆಲವು ವರ್ಷದ ಮೇಲೆ ಚೀಟಿ ಬರೆಯುವುದಕ್ಕೆ ಸೇರಿದವನು ಮೂಟೆ ಹೊರುವವರ ಜೊತೆ, ಲಾರಿ ಡ್ರೈವರುಗಳ ಜೊತೆ ಮಾತಾಡಿ ಆಡಿ ಮಲಯಾಳಂ ಕಲಿತ. ಕೇರಳದ ವ್ಯಾಪಾರಿಗಳು ಫೋನಿನಲ್ಲಿ ಕೇಳಿದ್ದನ್ನು ಇವನು ಹಳ್ಳಿಗಳಿಗೆ ಮುಟ್ಟಿಸುತ್ತಿದ್ದ. ಈ ಸಲ ಬೀನ್ಸ್ ಹಾಕಿ, ಆ ಕಡೆ ಬೀಟ್‌ರೂಟ್ ಜಾಸ್ತಿ ಆಯ್ತು ಬಿಡಿ ಎಂದು ಸ್ಕೂಟರಿನಲ್ಲಿ ಊರೂರು ಸುತ್ತಿ ಹೇಳುತ್ತಿದ್ದ. ಅವನು ಹೇಳಿದರೆ ಜನ ನಾಟಿ ಮಾಡುತ್ತಿದ್ದರು. ಬೇರೆಯವರ ಮಾತಿರಲಿ, ಅವನ ಹೆಂಡತಿ ಗುರುಸಿದ್ದಮ್ಮನ ಅಣ್ಣ, ಉಡಿಗಾಲದ ಮರಿಮಲ್ಲಪ್ಪ, ಭಾವಮೈದುನನ ಬಾಯಿಂದ ಬರದೆ ಒಂದು ಬೀಜವನ್ನೂ ನೆಲಕ್ಕೆ ಹಾಕುತ್ತಿರಲಿಲ್ಲ.

ಹನ್ನೆರಡು ವರ್ಷದ ಹಿಂದೆ ಓಣಂಗೆ ಇನ್ನೂ ಮೂರು ತಿಂಗಳಿರುವಾಗ, ಸುಲ್ತಾನ್ ಬತ್ತೇರಿಯ ಪೌಲೋಸ್ ಅನ್ನುವ ವ್ಯಾಪಾರಿ ಪಡವಲಕಾಯಿ ಕೇಳತೊಡಗಿದ. ಆ ಕಡೆ ಮಳೆ ಹೆಚ್ಚಾಗಿ ಅಲ್ಲಿನ ಚಪ್ಪರಗಳು ಬಿದ್ದಿದ್ದವು. ಮೊದಲ ವಾರ ಕೇಳಿದಷ್ಟು ನಂಜುಂಡಪ್ಪ ಹೊಂದಿಸಲಾಗಲಿಲ್ಲ, ಅರ್ಧ ಕಳಿಸಿದ. ಮುಂದಿನ ವಾರ ಪೌಲೋಸ್ ಅದರ ಎರಡರಷ್ಟು ಕೇಳಿದ. ಅದರ ಮುಂದಿನ ವಾರ ಮೂರರಷ್ಟು. ಓಣಂ ಹತ್ತಿರ ಬಂದ ಹಾಗೆ ಕೇರಳದವರು ಹುಚ್ಚು ಹಿಡಿದವರ ಹಾಗೆ ತಿನ್ನುತ್ತಾರೆ ಎಂದುಕೊಂಡು ನಂಜುಂಡಪ್ಪ ಏಳು ಹಳ್ಳಿಗಳಲ್ಲಿ ಚಪ್ಪರ ಹಾಕಿಸಿದ. ಮರಿಮಲ್ಲಪ್ಪ ಎರಡು ಎಕರೆ ಹಾಕಿದ. ಕಾಯಿ ನೆಟ್ಟಗೆ ಇಳಿಯಲಿ ಎಂದು ಒಂದೊಂದರ ತುದಿಗೂ ದಾರ ಕಟ್ಟಿ ಕಲ್ಲು ಇಳಿಬಿಟ್ಟ. ಆ ಚಪ್ಪರದ ಕೆಳಗೆ ನಿಂತರೆ ಮಾರುದ್ದದ ಬಿಳಿ ಕಾಯಿಗಳು ಸಾಲುಸಾಲಾಗಿ, ಒಂದು ಮದುವೆ ಮನೆಯನ್ನೇ ಸಿಂಗರಿಸಿದಂತೆ ಕಾಣುತ್ತಿತ್ತು.

ಕೊಯ್ಲಿಗೆ ಮೂರು ದಿನವಿದ್ದಾಗ ಪೌಲೋಸನ ಫೋನು ಬಂತು. ಬೇಡ ಅಂದ. ಎಷ್ಟು ಬೇಡ ಎಂದು ಕೇಳಿದ್ದಕ್ಕೆ, ಒಂದೂ ಬೇಡ ಅಂದ. ಮಾರನೆಯ ದಿನದಿಂದ ಫೋನು ಎತ್ತುವುದನ್ನೂ ನಿಲ್ಲಿಸಿದ.

ಏಳು ಹಳ್ಳಿಯ ಕಾಯಿ ಚಪ್ಪರದಲ್ಲೇ ಉಳಿಯಿತು. ಪಡವಲಕಾಯಿ ಬಲಿತರೆ ಬಿಳುಪು ಹೋಗಿ ಕೆಂಪಾಗುತ್ತದೆ, ಹಣ್ಣಾಗಿ ಉದ್ದುದ್ದಕ್ಕೆ ಬಿರಿದು ಬಾಯಿ ಬಿಡುತ್ತದೆ. ಮರಿಮಲ್ಲಪ್ಪ ಒಂದು ಕಾಯನ್ನೂ ಕೀಳಲಿಲ್ಲ. ಚಪ್ಪರವನ್ನು ಬಿಚ್ಚಲೂ ಇಲ್ಲ. ಬಸ್ಸಿನ ರಸ್ತೆಗೆ ಕಾಣುವ ಜಮೀನು ಅದು. ಒಂದು ವರ್ಷ ಒಣಗಿದ ಬಳ್ಳಿ, ಅದರ ಕೆಳಗೆ ಗಾಳಿಗೆ ತೂಗಾಡುವ ಕಲ್ಲುಗಳು ಹಾಗೇ ಇದ್ದವು, ಹಾದುಹೋಗುವ ನಂಜುಂಡಪ್ಪ ನೋಡಲಿ ಎಂದು. ಊರ ಜನ ಕೂಡಿದ್ದ ಕಡೆ ಮರಿಮಲ್ಲಪ್ಪ ಒಂದೇ ಮಾತು ಆಡಿದ್ದ. "ನನ್ ತಂಗೀನ ಕೊಟ್ಟುದ್ದು ನಿಂಗೆ ಕಣ್ಲಾ, ಕೇರಳದೋರ್ಗಲ್ಲ." ಬತ್ತೇರಿಯವರ ಜೊತೆ ಸೇರಿಕೊಂಡು, ಬೆಳೆ ಹೆಚ್ಚು ಮಾಡಿಸಿ ಬೆಲೆ ಬೀಳಿಸಲು ನಂಜುಂಡಪ್ಪ ಹೂಡಿದ ಆಟ ಇದು ಎಂದು ಸುತ್ತಲಿನವರು ನಂಬಿದರು. ನಂಜುಂಡಪ್ಪ ನಂಬಿದ್ದು ಬೇರೆ. ಪೌಲೋಸ್ ತನಗೆ ಬೇಕೆಂದೇ ಮೋಸ ಮಾಡಿದ, ಬೇರೆ ಕಡೆ ಅಗ್ಗಕ್ಕೆ ಸಿಕ್ಕಿತು, ತನ್ನನ್ನು ಕೈಬಿಟ್ಟ ಎಂದು. ಆ ಮಾರುಕಟ್ಟೆಯ ಒಳಗೆ ಅವನು ಮತ್ತೆ ಕಾಲಿಡಲಿಲ್ಲ. ಉಡಿಗಾಲಕ್ಕೆ ಗುರುಸಿದ್ದಮ್ಮ ಒಬ್ಬಳೇ ಹೋಗಿ ಬರುತ್ತಿದ್ದಳು.

ಮಾರನೆಯ ಬೆಳಿಗ್ಗೆ ಚೀಟಿಗಳ ಕಟ್ಟು ಹಿಡಿದು ಹೋದಾಗ ಕಾಲೇಜಿನ ಹಾಲ್ ಗುರುತೇ ಸಿಗದಂತಾಗಿತ್ತು. ಬೆಂಚುಗಳನ್ನು ಮೂರು ಸಾಲು ಮಾಡಿ, ಒಂದೊಂದು ಸಾಲಿನಲ್ಲಿ ನಾಲ್ಕು ಡೆಸ್ಕು ಹಾಕಿದ್ದರು. ಡೆಸ್ಕುಗಳ ಮೇಲೆ ರಟ್ಟಿನ ಬೋರ್ಡು: ತೋಟ, ಮಂಡಿ, ವ್ಯಾಪಾರಿ, ಅಂಗಡಿ. ನಡುವೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ರಸ್ತೆ. ಮಂಡಿಗೂ ವ್ಯಾಪಾರಿಗೂ ನಡುವಿನ ರಸ್ತೆಯಲ್ಲಿ ಎರಡು ಮನೆ ಗೀಚಿ ಬಂಡೀಪುರ ಎಂದು ಬರೆದಿದ್ದಳು ಭವ್ಯ. ರಾತ್ರಿ ಗೇಟು ಹಾಕುವುದರಿಂದ ಸರಕು ಅಲ್ಲಿ ತಂಗಿಯೇ ಮುಂದೆ ಹೋಗಬೇಕು. ಸರಕು ಅಂದರೆ ಹುಣಸೆಬೀಜ. ಒಂದೊಂದು ಡೆಸ್ಕಿಗೂ ಹನ್ನೆರಡು.

ಮೂರನೆಯ ಸಾಲಿನಲ್ಲಿ ವ್ಯಾಪಾರಿಯ ಡೆಸ್ಕು ಖಾಲಿ ಇತ್ತು. ಅಲ್ಲಿ ಕೂರಬೇಕಾದ ಹುಡುಗನಿಗೆ ಹಿಂದಿನ ದಿನದಿಂದ ಜ್ವರ. ಭವ್ಯ ನಂಜುಂಡಪ್ಪನನ್ನು ನೋಡಿದಳು. "ಒಂದೂವರೆ ಗಂಟೆ ಅಂಗಡಿ ಮುಚ್ಚೋಕೆ ಆಗುತ್ತಾ ನಂಜುಂಡಪ್ಪಾವ್ರೇ?"

ಅವನು ಕೂತ.

ಆಟದ ನಿಯಮ ಕಷ್ಟದ್ದೇನಲ್ಲ. ಒಂದೊಂದು ವಾರ ಅಂಗಡಿಯವನು ಒಂದು ಕಾರ್ಡು ಎತ್ತುತ್ತಾನೆ. ಆ ವಾರ ಗಿರಾಕಿಗಳು ಎಷ್ಟು ಕೇಳಿದರು ಎಂದು ಅದರಲ್ಲಿರುತ್ತದೆ, ಅದನ್ನು ಅವನೊಬ್ಬನೇ ನೋಡಬೇಕು. ಅವನು ತನಗೆ ಬೇಕಾದಷ್ಟನ್ನು ಚೀಟಿಯಲ್ಲಿ ಬರೆದು ಮಗುಚಿ ವ್ಯಾಪಾರಿಗೆ ತಳ್ಳುತ್ತಾನೆ, ವ್ಯಾಪಾರಿ ಮಂಡಿಗೆ, ಮಂಡಿ ತೋಟಕ್ಕೆ. ತೋಟದವರು ತಮಗೆ ಬೇಕೆನಿಸಿದಷ್ಟು ಬೀಜವನ್ನು ಡಬ್ಬದಿಂದ ಬೆಳೆದುಕೊಳ್ಳುತ್ತಾರೆ. ಬೀಜಗಳು ತೋಟದಿಂದ ಈ ಕಡೆಗೆ ಬರುತ್ತವೆ, ಪ್ರತಿ ರಸ್ತೆಯಲ್ಲೂ ಎರಡು ವಾರ ತಂಗುತ್ತವೆ. ಕೈಯಲ್ಲಿ ಉಳಿದ ಒಂದೊಂದು ಬೀಜಕ್ಕೂ ಒಂದು ಅಂಕ ಹೋಗುತ್ತದೆ, ಕೇಳಿದ್ದನ್ನು ಕೊಡಲಾಗದಿದ್ದರೆ ಎರಡು. ಮಾತಾಡುವ ಹಾಗಿಲ್ಲ, ಸನ್ನೆಯೂ ಇಲ್ಲ.

ನಂಜುಂಡಪ್ಪನ ಸಾಲಿನಲ್ಲಿ ಮಂಡಿಗೆ ಗಿರೀಶ್ ಅನ್ನುವ ಹುಡುಗ, ತೋಟಕ್ಕೆ ಭಾನು, ಅಂಗಡಿಗೆ ಇನ್ನೊಬ್ಬ ಹುಡುಗಿ. ಮೊದಲ ವಾರಗಳಲ್ಲಿ ಅಂಗಡಿಯಿಂದ ನಾಲ್ಕು, ನಾಲ್ಕು ಎಂದು ಚೀಟಿ ಬಂದವು. ಇವನೂ ನಾಲ್ಕು ಕಳಿಸಿದ, ನಾಲ್ಕು ಬರೆದ. ಇಷ್ಟು ಸುಲಭದ್ದನ್ನು ಕಾಲೇಜಿನಲ್ಲಿ ಕಲಿಸಬೇಕೇ ಎಂದು ಮನಸ್ಸಿನಲ್ಲೇ ನಕ್ಕ. ಆರನೆಯ ವಾರ ಎಂಟು ಬಂತು. ಏಳನೆಯ ವಾರ ಹತ್ತು. ಅವನ ಹತ್ತಿರ ಬೀಜ ಮುಗಿಯುತ್ತಾ ಬಂತು. ಹನ್ನೆರಡು ಬರೆದ. ಗಿರೀಶನಿಂದ ಬಂದದ್ದು ಐದು. ಹದಿನಾರು ಬರೆದ. ಬಂದದ್ದು ನಾಲ್ಕು. ಅಂಗಡಿಯ ಹುಡುಗಿ ಈಗ ಹದಿನಾಲ್ಕು ಕೇಳುತ್ತಿದ್ದಳು. ನಂಜುಂಡಪ್ಪನ ಕಿವಿ ಬಿಸಿಯಾಯಿತು. ಈ ಹುಡುಗನಿಗೆ ಬುದ್ಧಿಯಿಲ್ಲ, ಜಾಸ್ತಿ ಕೇಳದೆ ಇವನು ಕಳಿಸುವುದಿಲ್ಲ ಎಂದುಕೊಂಡು ಇಪ್ಪತ್ತನಾಲ್ಕು ಬರೆದ. ಅದರ ಮುಂದಿನ ವಾರ ಮೂವತ್ತು.

ಹದಿಮೂರನೆಯ ವಾರ ಬಂಡೀಪುರದ ಮನೆ ದಾಟಿ ಹದಿನೆಂಟು ಬೀಜ ಬಂದವು. ಮುಂದಿನ ವಾರ ಇಪ್ಪತ್ತೆಂಟು. ಮತ್ತೆ ಮೂವತ್ತು. ಡೆಸ್ಕಿನ ಮೇಲೆ ಜಾಗವಿಲ್ಲದೆ ಬೀಜಗಳು ಅಂಚಿಗೆ ಬಂದು ಉದುರತೊಡಗಿದವು. ಅಂಗಡಿಯ ಚೀಟಿ ಬಿಚ್ಚಿದರೆ ಎರಡು. ಅದರ ಮುಂದಿನದರಲ್ಲಿ ಸೊನ್ನೆ. ಪ್ರತಿ ಬೀಜಕ್ಕೂ ಅಂಕ ಹೋಗುತ್ತಿದೆ. ಅವನು ಯೋಚಿಸಲಿಲ್ಲ. ಪೆನ್ನು ತೆಗೆದು ಸೊನ್ನೆ ಬರೆದು ಮಗುಚಿ ತಳ್ಳಿದ. ಮುಂದಿನ ವಾರವೂ ಸೊನ್ನೆ, ಅದರ ಮುಂದಿನ ವಾರವೂ ಸೊನ್ನೆ.

ಅಷ್ಟು ಹೊತ್ತಿಗೆ ತೋಟದ ಡೆಸ್ಕಿನ ಕಡೆ ಅವನ ಕಣ್ಣು ಹೋಯಿತು. ಭಾನುವಿನ ಮುಂದೆ ಗುಡ್ಡೆ ಬಿದ್ದಿತ್ತು, ನೂರಕ್ಕೂ ಮೇಲೆ. ಆ ಹುಡುಗಿ ಎರಡು ಕೈಯಲ್ಲೂ ಬೀಜಗಳನ್ನು ತಬ್ಬಿಕೊಂಡಂತೆ ಹಿಡಿದು, ಬಾಯಿ ಬಿಗಿದು ಕೂತಿದ್ದಳು. ಮರಿಮಲ್ಲಪ್ಪನ ಚಪ್ಪರದ ಕೆಳಗೆ ತಾನು ನಿಂತದ್ದು, ಮೇಲೆ ಅಷ್ಟೂ ಕಾಯಿ ಕೆಂಪಗೆ ಬಿರಿದದ್ದು ನಂಜುಂಡಪ್ಪನ ಕಣ್ಣ ಮುಂದೆ ಬಂತು. ಅಂದು ಇದೇ ಸೊನ್ನೆ ಹೇಳಿದ ಪೌಲೋಸ್ ಮೋಸಗಾರ ಎಂದು ಹನ್ನೆರಡು ವರ್ಷ ಬೈದಿದ್ದ. ಈಗ ಅದನ್ನು ಬರೆದದ್ದು ತನ್ನದೇ ಕೈ. ಬರೆಯುವಾಗ ಯಾರಿಗೂ ಕೇಡು ಬಯಸಿರಲಿಲ್ಲ. ಆ ಕಡೆ ಒಬ್ಬಳು ಕೂತಿದ್ದಾಳೆ ಎಂಬ ನೆನಪೂ ಇರಲಿಲ್ಲ.

ಆಟ ನಿಂತ ಮೇಲೆ ಭಾನು ಕೇಳಿದಳು, "ಅಂಕಲ್, ಅಷ್ಟೊಂದು ಕೇಳ್ಬುಟ್ಟು ಯಾಕೆ ನಿಲ್ಲಿಸ್ಬುಟ್ರಿ? ನಾನು ಇದ್ನ ಏನ್ ಮಾಡ್ಲಿ?"

ಅವನು ಬಗ್ಗಿ ನೆಲಕ್ಕೆ ಉದುರಿದ್ದ ಬೀಜಗಳನ್ನು ಹೆಕ್ಕತೊಡಗಿದ.

ಭವ್ಯ ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟು, ಗಿರಾಕಿಗಳು ವಾರವಾರ ಎಷ್ಟು ಕೇಳಿರಬಹುದು ಎಂದು ಊಹಿಸಿ ಗೆರೆ ಎಳೆಯಿರಿ ಅಂದಳು. ನಂಜುಂಡಪ್ಪ ಒಂದು ದೊಡ್ಡ ಬೆಟ್ಟ ಎಳೆದು, ಅದರ ಆಚೆ ಒಂದು ಹಳ್ಳ ತೋಡಿದ. ಗಿರೀಶನದೂ ಬೆಟ್ಟ. ಭಾನುವಿನದು ಇನ್ನೂ ಎತ್ತರದ ಬೆಟ್ಟ, ಇನ್ನೂ ಆಳದ ಹಳ್ಳ. ಆಮೇಲೆ ಭವ್ಯ ಅಂಗಡಿಯ ಕಾರ್ಡುಗಳನ್ನು ಒಂದೊಂದಾಗಿ ಎಲ್ಲರಿಗೂ ಕಾಣುವಂತೆ ಗೋಡೆಗೆ ಅಂಟಿಸುತ್ತಾ ಹೋದಳು. ನಾಲ್ಕು, ನಾಲ್ಕು, ನಾಲ್ಕು, ನಾಲ್ಕು. ಐದನೆಯ ವಾರ ಎಂಟು. ಆಮೇಲೆ ಎಂಟು, ಎಂಟು, ಎಂಟು. ಕೊನೆಯ ಕಾರ್ಡಿನ ತನಕ ಎಂಟು.

ಗಿರಾಕಿಗಳು ಬದಲಾದದ್ದು ಒಂದೇ ಸಲ, ಅದೂ ವಾರಕ್ಕೆ ನಾಲ್ಕು ಹೆಚ್ಚಾಗಿ. ಬೆಟ್ಟವೂ ಇರಲಿಲ್ಲ, ಹಳ್ಳವೂ ಇರಲಿಲ್ಲ. ಅವೆರಡನ್ನೂ ಮಾಡಿದ್ದು ನಡುವೆ ಕೂತವರು. ಸಾಮಾನು ಬರುವುದು ತಡವಾದದ್ದು, ಭಯ ಬಿದ್ದು ಹೆಚ್ಚು ಬರೆದದ್ದು, ಮುಂದಿನವನ ಭಯವನ್ನು ಹಿಂದಿನವನು ಗಿರಾಕಿಗಳ ಬೇಡಿಕೆ ಎಂದುಕೊಂಡದ್ದು. ಭವ್ಯ ಮೂರು ಸಾಲಿನ ಲೆಕ್ಕದ ಗೆರೆಗಳನ್ನೂ ಪಕ್ಕಪಕ್ಕ ಹಾಕಿದಳು. ಮೂರೂ ಒಂದೇ ಆಕಾರ. ಹಿಂದಿನ ವರ್ಷ ಚಾಮರಾಜನಗರದ ಮಕ್ಕಳು ಆಡಿದ್ದ ಹಾಳೆಯನ್ನು ಬ್ಯಾಗಿನಿಂದ ತೆಗೆದು ಅದರ ಪಕ್ಕ ಇಟ್ಟಳು. ಅದೂ ಅದೇ ಆಕಾರ.

ಮಕ್ಕಳೆಲ್ಲ ಹೋದ ಮೇಲೂ ನಂಜುಂಡಪ್ಪ ಎದ್ದಿರಲಿಲ್ಲ. ಇದನ್ನು ಕಟ್ಟಿದವರು ಯಾರು ಎಂದು ಕೇಳಿದ. ಅಮೆರಿಕದ ಒಂದು ಕಾಲೇಜಿನ ಮೇಷ್ಟ್ರುಗಳು, ಅರವತ್ತು ವರ್ಷಕ್ಕೂ ಹಿಂದೆ, ಅಂದಳು ಭವ್ಯ. ಅವರು ಬಿಯರ್ ಪೆಟ್ಟಿಗೆ ಇಟ್ಟುಕೊಂಡು ಆಡಿಸುತ್ತಿದ್ದರಂತೆ, ತರಕಾರಿ ಮಾಡಿಕೊಂಡದ್ದು, ಬಂಡೀಪುರದ ಗೇಟು ಹಾಕಿದ್ದು ತಾನು. ಎಲ್ಲಿ ಆಡಿಸಿದರೂ, ಯಾರನ್ನು ಕೂರಿಸಿದರೂ, ಓದಿದವರಾಗಲಿ ಓದದವರಾಗಲಿ, ಹೆಚ್ಚುಕಮ್ಮಿ ಇದೇ ಬೆಟ್ಟ, ಇದೇ ಹಳ್ಳ.

ಅಂದರೆ ತಾನು ಹುಟ್ಟುವುದಕ್ಕೂ ಮೊದಲೇ, ತೆರಕಣಾಂಬಿಯ ಹೆಸರೂ ಕೇಳದ ಯಾರೋ, ಉಡಿಗಾಲದ ಆ ಎರಡು ಎಕರೆಗೆ ಆಗಲಿರುವುದನ್ನು ಗೆರೆ ಎಳೆದು ಇಟ್ಟಿದ್ದರು. ನಂಜುಂಡಪ್ಪ ಅಂಗಡಿಗೆ ಬಂದು ಬಾಗಿಲು ತೆರೆದ. ಕೊಟ್ಟ ಕಾಗದಗಳನ್ನು ಮೆಷಿನ್ನಿಗೆ ಇಟ್ಟ, ತೆಗೆದ. ಸಂಜೆಯ ತನಕ ಯಾರು ಬಂದರು, ಯಾರು ಹೋದರು ಎಂಬುದು ಅವನಿಗೆ ತಿಳಿಯಲಿಲ್ಲ.

ಮನೆಯಲ್ಲಿ ಹೇಳಿದಾಗ ಗುರುಸಿದ್ದಮ್ಮ ಪೂರ್ತಿ ಕೇಳಿ, "ಹಂಗಾದ್ರೆ ಆ ಪೌಲೋಸನ್ನ ಒಂದಪ ಕೇಳ್ಕಂಡು ಬನ್ನಿ," ಅಂದಳು. ಅಷ್ಟೇ.

ಆ ಭಾನುವಾರ ಬೆಳಿಗ್ಗೆಯ ಬಸ್ಸಿಗೆ ಕೂತು ಕಾಡು ದಾಟಿ ಬತ್ತೇರಿಗೆ ಹೋದ. ಪೌಲೋಸನ ಗೋಡೌನ್ ಇದ್ದ ಜಾಗದಲ್ಲಿ ಟೈಲ್ಸ್ ಅಂಗಡಿ ಎದ್ದಿತ್ತು. ಅಲ್ಲಿ ಇಲ್ಲಿ ಕೇಳಿ ಹುಡುಕಿದರೆ, ಎಪ್ಪತ್ತು ದಾಟಿದ ಪೌಲೋಸ್ ಚರ್ಚಿನ ರಸ್ತೆಯಲ್ಲಿ ಕೊಡೆ, ರೇನ್‌ಕೋಟುಗಳ ಒಂದು ಪುಟ್ಟ ಅಂಗಡಿಯಲ್ಲಿ ಕೂತಿದ್ದ. ನಂಜುಂಡಪ್ಪನ ಗುರುತು ಹತ್ತಿದ ಕೂಡಲೇ ಅವನ ಮುಖ ಗಡುಸಾಯಿತು. ಕೂರು ಅನ್ನಲಿಲ್ಲ. ಆಗ ನಂಜುಂಡಪ್ಪನಿಗೆ ಹೊಳೆಯಿತು, ತಾನು ಇವನನ್ನು ಬೈದುಕೊಂಡಷ್ಟು ಕಾಲವೂ ಇವನು ತನ್ನನ್ನು ಬೈದುಕೊಂಡಿದ್ದಾನೆ.

ಜಗಳವಾಡಲು ಬಂದಿಲ್ಲ ಚೇಟ್ಟಾ, ಒಂದು ವಿಷಯ ತಿಳಿದುಕೊಳ್ಳಬೇಕು ಎಂದು ಅವನು ಮಲಯಾಳಂನಲ್ಲಿ ಹೇಳಿದ. ಪೌಲೋಸ್ ಹಳೆಯ ಮಾರುಕಟ್ಟೆಯ ಕನ್ನಡದಲ್ಲಿ ಉತ್ತರ ಕೊಟ್ಟ. "ನೀನು ಅರ್ಧ ಕಳಿಸಿದಿ. ನಾನು ಹೆದರಿದೆ. ಗೂಡಲೂರಿಗೂ ಹೇಳಿದೆ, ಇನ್ನೆರಡು ಕಡೆಗೂ ಹೇಳಿದೆ. ಎಲ್ಲರೂ ಅರ್ಧ ಕಳಿಸಿದರು, ಎಲ್ಲರಿಗೂ ಡಬಲ್ ಹೇಳಿದೆ. ಆಮೇಲೆ ನಿನ್ನದು ಬರುವ ಮೊದಲೇ ಆ ಮೂರು ಕಡೆಯಿಂದಲೂ ಒಂದೇ ವಾರ ಬಂತು."

ಆ ಕಾಯಿಯೆಲ್ಲ ಏನಾಯಿತು ಎಂದು ನಂಜುಂಡಪ್ಪ ಕೇಳಿದ. ಗೋಡೌನಿನಲ್ಲಿ ಕೊಳೆಯಿತು ಅಂದ ಪೌಲೋಸ್. ಹಿಂದೆ ಗುಂಡಿ ತೆಗೆಸಿ ಹೂಳಿಸಿದ್ದ. ತರಕಾರಿ ವ್ಯಾಪಾರ ಅಲ್ಲಿಗೇ ಮುಗಿಯಿತು. ಮುಂದಿನ ಮಳೆಗಾಲದಲ್ಲಿ ಆ ಗುಂಡಿಯಿಂದ ಬಳ್ಳಿ ಎದ್ದು, ಗೋಡೆ ಹತ್ತಿ, ತಗಡಿನ ಮಾಡು ಪೂರ್ತಿ ಹಬ್ಬಿಕೊಂಡಿತಂತೆ. ಯಾರೂ ಬಿತ್ತದೆ, ನೀರು ಹಾಕದೆ, ಗೋಡೌನ್ ತುಂಬ ಪಡವಲಕಾಯಿ ಇಳಿಬಿದ್ದಿದ್ದವಂತೆ. ಕೀಳುವುದಕ್ಕೆ ಅವನಿಗೆ ಕೈ ಬರಲಿಲ್ಲ. ದಿನಾ ಹೋಗಿ ನೋಡಿಕೊಂಡು ಬರುತ್ತಿದ್ದ.

ಅಷ್ಟರಲ್ಲಿ ಅವನ ಹೆಂಡತಿ ಚಹಾ ತಂದಳು. ಆ ವರ್ಷದ ಓಣಂ ನೆನಪಿದೆಯೇ, ಜನ ಪಡವಲಕಾಯಿ ಹೆಚ್ಚು ತಿಂದರೋ ಕಡಿಮೆಯೋ ಎಂದು ನಂಜುಂಡಪ್ಪ ಅವಳನ್ನು ಕೇಳಿದ. ಆಕೆಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. ಓಣಂ ಅಂದರೆ ಎಲ್ಲ ವರ್ಷವೂ ಒಂದೇ ಅಲ್ಲವೇ, ಅವಿಯಲ್‌ಗೆ ಮನೆಗೊಂದು ಕಾಯಿ, ಹೆಚ್ಚಿನ ಕಾಯಿ ತೆಗೆದುಕೊಂಡು ಯಾರು ಏನು ಮಾಡುತ್ತಾರೆ ಅಂದಳು.

ಮನೆಗೊಂದು ಕಾಯಿ. ಈ ತುದಿಯಲ್ಲಿ ಏನೂ ಆಗಿರಲಿಲ್ಲ. ಈ ಹೆಂಗಸು ಎಂದಿನಂತೆ ಒಂದು ಕಾಯಿ ಹೆಚ್ಚಿದಳು, ಆ ತುದಿಯಲ್ಲಿ ಏಳು ಹಳ್ಳಿಯ ಚಪ್ಪರ ಕೆಂಪಾಯಿತು, ನಡುವೆ ಇಬ್ಬರು ಒಬ್ಬರನ್ನೊಬ್ಬರು ಶಪಿಸುತ್ತಾ ಮುದುಕರಾದರು. ನಂಜುಂಡಪ್ಪ ಚಹಾದ ಲೋಟ ಹಿಡಿದುಕೊಂಡೇ ಆಟದ ವಿಷಯ ಹೇಳಿದ. ಕೊಡೆಗಳ ನಡುವೆ ಕೂತು, ಬಿಲ್ಲಿನ ಹಾಳೆಯ ಹಿಂದೆ ಬೆಟ್ಟ ಬರೆದು, ಹಳ್ಳ ಬರೆದು ತೋರಿಸಿದ. ಪೌಲೋಸ್ ಆ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು, ನಂಜುಂಡಪ್ಪನ ಮೊಣಕೈ ಹಿಡಿದುಕೊಂಡ. ಬಸ್ಸಿನ ತನಕ ಬಂದು ಬೀಳ್ಕೊಟ್ಟ.

ಉಡಿಗಾಲಕ್ಕೆ ಹೋಗುವುದು ಬತ್ತೇರಿಗಿಂತ ದೂರವಾಗಿತ್ತು. ಭವ್ಯ ಅದನ್ನು ಹತ್ತಿರ ಮಾಡಿದಳು. ರೈತರ ಸಂಘಗಳಿಗೂ ಆಟ ಆಡಿಸಬೇಕು ಎಂಬ ಆಸೆ ಅವಳಿಗೆ ಮೊದಲಿನಿಂದ ಇತ್ತು. ಉಡಿಗಾಲದ ಸಂಘದ ಕಾರ್ಯದರ್ಶಿ ರಂಗನಾಯಕನಿಗೆ ಫೋನು ಮಾಡಿ ಒಪ್ಪಿಸಿದಳು. ಒಂದು ಭಾನುವಾರ ರಟ್ಟಿನ ಬೋರ್ಡು, ಬೀಜದ ಡಬ್ಬ, ಚೀಟಿಯ ಕಟ್ಟುಗಳೊಂದಿಗೆ ಅವಳು, ನಂಜುಂಡಪ್ಪ, ಗುರುಸಿದ್ದಮ್ಮ ಮೂವರೂ ಬಸ್ಸಿಳಿದರು. ಶಾಲೆಯ ಜಗಲಿಯ ಮೇಲೆ ಜನ ಸೇರಿದರು. ಮರಿಮಲ್ಲಪ್ಪ ಬಂದ, ಆದರೆ ಕೈಕಟ್ಟಿಕೊಂಡು ಕಂಬಕ್ಕೆ ಒರಗಿ ದೂರ ನಿಂತ. ಭಾವಮೈದುನನ ಕಡೆ ತಿರುಗಿಯೂ ನೋಡಲಿಲ್ಲ.

ಗುರುಸಿದ್ದಮ್ಮ ಅವನ ಹತ್ತಿರ ಹೋದಳು. "ಅಣ್ಣ, ಹನ್ನೆಲ್ಡ್ ವರ್ಸ ಈ ಊರ್ಗೆ ಒಬ್ಳೇ ಬಂದಿವ್ನಿ. ಇವತ್ತು ಒಂದ್ ಗಂಟೆ ಕೂತ್ಕೊ, ಸಾಕು."

ಮರಿಮಲ್ಲಪ್ಪ ತಂಗಿಯ ಮುಖ ನೋಡಿ ಬಂದು, ಮಾರುಕಟ್ಟೆಯಲ್ಲಿ ನಂಜುಂಡ ಕೂರುತ್ತಿದ್ದ ಜಾಗ ಈ ಆಟದಲ್ಲಿ ಯಾವುದು ಎಂದು ಭವ್ಯಳನ್ನು ಕೇಳಿದ. ಮಂಡಿ ಎಂದು ಬರೆದಿದ್ದ ಕಡೆ ಅವಳು ಕೈ ತೋರಿಸಿದಳು. ಅಲ್ಲೇ ಕೂತ.

ನಂಜುಂಡಪ್ಪ ಆ ದಿನ ಆಡಲಿಲ್ಲ, ಹಿಂದೆ ನಿಂತು ನೋಡಿದ. ಎಂಟನೆಯ ವಾರಕ್ಕೆ ಮರಿಮಲ್ಲಪ್ಪನ ಹಣೆಯಲ್ಲಿ ಬೆವರು ಮೂಡಿತು. ಒಂಬತ್ತನೆಯ ವಾರ ಇಪ್ಪತ್ತು ಬರೆದ. ಹನ್ನೊಂದನೆಯ ವಾರ ನಲವತ್ತು. ತೋಟದಲ್ಲಿ ಕೂತಿದ್ದ ರಂಗನಾಯಕ ಡಬ್ಬದಿಂದ ಬೀಜ ಎಣಿಸಿ ಎಣಿಸಿ ಸುರಿಯುತ್ತಿದ್ದ. ಹದಿನೈದನೆಯ ವಾರ ಮರಿಮಲ್ಲಪ್ಪನ ಕೈಯಲ್ಲಿದ್ದ ಪೆನ್ನು ಚೀಟಿಯ ಮೇಲೆ ಬಹಳ ಹೊತ್ತು ನಿಂತಿತ್ತು. ಕೊನೆಗೆ ಅವನೂ ಸೊನ್ನೆ ಬರೆದ. ಬರೆದು, ಅದನ್ನು ಮಗುಚದೆ ಹಾಗೇ ನೋಡುತ್ತಾ ಕೂತ.

ಭವ್ಯ ಕಾರ್ಡುಗಳನ್ನು ಗೋಡೆಗೆ ಅಂಟಿಸಿದಳು, ಇಲ್ಲೂ ಮೊದಲು ನಾಲ್ಕು, ಆಮೇಲೆ ಕೊನೆಯ ತನಕ ಎಂಟು. ರಂಗನಾಯಕ ಒಂದೊಂದು ಕಾರ್ಡನ್ನೂ ಮುಟ್ಟಿ ಮುಟ್ಟಿ ನೋಡಿದ. ನಂಜುಂಡಪ್ಪ ಬತ್ತೇರಿಯ ಕಥೆ ಹೇಳಿದ, ಗುಂಡಿಯಿಂದ ಎದ್ದ ಬಳ್ಳಿಯ ತನಕ. ಎಲ್ಲರೂ ಮರಿಮಲ್ಲಪ್ಪನ ಕಡೆ ನೋಡುತ್ತಿದ್ದರು.

ಅವನು ತಲೆ ಎತ್ತಿದ. "ನಾನೂ ಅದ್ನೇ ಬರುದ್ನಲ್ಲ. ಸರಿ, ಒಪ್ಕತೀನಿ. ಆದ್ರೆ ನಂಜುಂಡ, ಆಟ್ದಲ್ಲಿ ಮಾತಾಡ್ಬಾರ್ದು ಅಂತ ಈ ಮೇಡಮ್ಮು ನಿಯ್ಮ ಮಾಡವ್ಳೆ. ನಿಂಗ್ಯಾರ್ಲಾ ಏಳಿದ್ರು ಮಾತಾಡ್ಬ್ಯಾಡ ಅಂತ? ಬ್ಯಾಡ ಅಂತ ಫೋನ್ ಬಂದ್ಮೇಕೆ ಎಂಟ್ ದಿನ ನೀ ಈ ಕಡೀಕೆ ತಲೆ ಆಕ್ಲಿಲ್ಲ. ಅವತ್ತೇ ಬಂದು ಏಳಿದ್ರೆ ಮೈಸೂರ್ಗೊ ಊಟಿಗೊ ಒಂದಷ್ಟಾದ್ರೂ ಕಳುಸ್ತಿದ್ದೆ. ಸಿಕ್ದೋರ್ಗೆ ಅಂಚ್ಬುಡ್ತಿದ್ದೆ."

ಇದಕ್ಕೆ ಆಟದಲ್ಲಿ ಉತ್ತರವಿರಲಿಲ್ಲ. ಆ ಎಂಟು ದಿನ ನಂಜುಂಡಪ್ಪ ಕದ ಹಾಕಿಕೊಂಡು ಮನೆಯೊಳಗೆ ಮಲಗಿದ್ದ. ಅದು ಗುರುಸಿದ್ದಮ್ಮನಿಗೆ ಗೊತ್ತು, ಇನ್ಯಾರಿಗೂ ಗೊತ್ತಿರಲಿಲ್ಲ. "ನಾಚ್ಕೆ ಆಗಿತ್ತು ಭಾವ. ಮುಖ ತೋರ್ಸಕೆ ಆಗ್ನಿಲ್ಲ," ಅಂದ. "ಅದು ನನ್ ತಪ್ಪೇ."

ಮರಿಮಲ್ಲಪ್ಪ ಹೂಂ ಅಂದ. ಕ್ಷಮಿಸಿದೆ ಅನ್ನಲಿಲ್ಲ, ಎದ್ದು ಹೋಗಲೂ ಇಲ್ಲ. ಮುಂದಿದ್ದ ಬೀಜಗಳನ್ನು ಹನ್ನೆರಡು ಎಣಿಸಿ ಉಳಿದವನ್ನು ಡಬ್ಬಕ್ಕೆ ತಳ್ಳಿ, ಇನ್ನೊಂದು ಕಿತ ಆಡನ, ಈ ಸಲ ಮಾತಾಡ್ಕಂಡು ಆಡನ ಅಂದ.

ಕಾಲೇಜಿನಲ್ಲಿ ಭವ್ಯ ಇದನ್ನು ಕೊನೆಯ ಪಾಠವಾಗಿ ಇಟ್ಟುಕೊಂಡಿದ್ದಳು. ಇಲ್ಲಿ ಅದು ತಾನಾಗಿ ಬಂತು. ಕಾರ್ಡುಗಳನ್ನು ಕಲೆಸಿ ಹೊಸದಾಗಿ ಜೋಡಿಸಿದಳು. ಅಂಗಡಿಯಲ್ಲಿ ಕೂತಿದ್ದ ಹೆಂಗಸು ಕಾರ್ಡು ಎತ್ತಿದ ಕೂಡಲೇ ಜೋರಾಗಿ ಕೂಗಿ ಹೇಳಿದಳು. ವ್ಯಾಪಾರಿ ತನ್ನ ಹತ್ತಿರ ಎಷ್ಟಿದೆ ಎಂದ, ಮರಿಮಲ್ಲಪ್ಪ ರಸ್ತೆಯ ಮೇಲೆ ಎಷ್ಟಿದೆ ಎಂದ, ರಂಗನಾಯಕ ಹಾಗಾದರೆ ನಾನು ಇಷ್ಟು ಬಿಡುತ್ತೇನೆ ಅಂದ. ಮೊದಲೆರಡು ವಾರ ಗಲಾಟೆ. ಆಮೇಲೆ ದನಿಗಳು ತಗ್ಗಿದವು. ಹತ್ತನೆಯ ವಾರದ ಹೊತ್ತಿಗೆ ನೆಲದ ಮೇಲಿನ ರಸ್ತೆಯುದ್ದಕ್ಕೂ ಬೀಜಗಳು ಏಳು, ಏಳು, ಎಂಟು ಎಂದು ಒಂದರ ಹಿಂದೆ ಒಂದು ನಡೆದು ಹೋಗುತ್ತಿದ್ದವು. ಎಲ್ಲೂ ಗುಡ್ಡೆ ಬೀಳಲಿಲ್ಲ. ಯಾರ ಕೈಯೂ ಖಾಲಿಯಾಗಲಿಲ್ಲ. ನೋಡುತ್ತಾ ನಿಂತಿದ್ದ ಜನ ಹತ್ತಿರ ಹತ್ತಿರ ಬಂದು ಬಗ್ಗಿದರು. ಅದೇ ಬೀಜ, ಅದೇ ರಸ್ತೆ, ಅದೇ ಬಂಡೀಪುರ, ಅವೇ ಕೈಗಳು. ಇಪ್ಪತ್ತನಾಲ್ಕು ವರ್ಷ ನಂಜುಂಡಪ್ಪ ನಡುವೆ ಕೂತು ಆ ಕಡೆಯ ಮಾತು ಈ ಕಡೆಗೆ ದಾಟಿಸಿದ್ದ. ಹೀಗೆ ನೆಟ್ಟಗೆ ಹರಿಯುವುದನ್ನು ಒಂದು ದಿನವೂ ನೋಡಿರಲಿಲ್ಲ.

ಆ ಮಧ್ಯಾಹ್ನ ಮರಿಮಲ್ಲಪ್ಪನ ಮನೆಯಲ್ಲಿ ಊಟವಾಯಿತು. ಎಲೆಯ ಮುಂದೆ ಕೂತ ನಂಜುಂಡಪ್ಪನಿಗೆ ಮರಿಮಲ್ಲಪ್ಪನೇ ಎರಡನೆಯ ಸಲ ಮುದ್ದೆ ಇಟ್ಟ.

ಈ ಸಲ ಉಡಿಗಾಲದ ಆರು ಮನೆಯವರು ಪಡವಲ ಹಾಕಿದ್ದರು. ಬತ್ತೇರಿಯಲ್ಲಿ ಪೌಲೋಸ್ ಪ್ರತಿ ಬುಧವಾರ ಸಂಜೆ ಮೂರು ತರಕಾರಿ ಅಂಗಡಿಗಳಿಗೆ ಹೋಗಿ, ಈ ವಾರ ಎಷ್ಟು ಕಾಯಿ ಮಾರಿದಿರಿ ಎಂದು ಕೇಳಿ ಬಂದು ಫೋನು ಮಾಡುತ್ತಿದ್ದ. ಎಷ್ಟು ಬೇಕು ಎಂದಲ್ಲ, ಎಷ್ಟು ಮಾರಿತು ಎಂದು. ಆ ಸಂಖ್ಯೆಯನ್ನು ನಂಜುಂಡಪ್ಪ ಒಂದನ್ನೂ ಕೂಡಿಸದೆ, ಕಳೆಯದೆ, ಆರು ಮನೆಗೂ ಹೇಳುತ್ತಿದ್ದ. ಓಣಂ ಕಳೆದ ಮೇಲೆ ಚಪ್ಪರಗಳಲ್ಲಿ ಬೀಜಕ್ಕೆ ಬಿಟ್ಟ ಕಾಯಿಗಳ ಜೊತೆ ಇನ್ನೂ ಒಂದಷ್ಟು ಉಳಿದವು. ಅಷ್ಟಕ್ಕೆ ಯಾರೂ ಮುನಿಸಿಕೊಳ್ಳಲಿಲ್ಲ.

ಭಾನುವಾರ ಈಗ ಜೆರಾಕ್ಸ್ ಅಂಗಡಿ ಮುಚ್ಚಿರುತ್ತದೆ. ಭವ್ಯಳ ಜೊತೆ ಅವನು ಹಳ್ಳಿಗಳಿಗೆ, ಮಹಿಳಾ ಸಂಘಗಳಿಗೆ ಹೋಗುತ್ತಾನೆ, ನೆಲದ ಮೇಲೆ ರಸ್ತೆ ಗೀಚುವುದು ಅವನ ಕೆಲಸ. ಹದಿನಾಲ್ಕು ಸಲ ಆಡಿಸಿದ್ದಾಗಿದೆ. ಯಾವ ವಾರ ಯಾವ ಕಾರ್ಡು ಎಂಬುದು ಬಾಯಿಪಾಠವಾಗಿದೆ. ಮೊನ್ನೆ ಒಂದು ಕಡೆ ಜನ ಕಡಿಮೆಯಾಗಿ ಮತ್ತೆ ವ್ಯಾಪಾರಿಯ ಜಾಗದಲ್ಲಿ ಕೂರಬೇಕಾಯಿತು. ಎಂಟಕ್ಕಿಂತ ಮೇಲೆ ಗಿರಾಕಿ ಇಲ್ಲ ಎಂದು ಆಡುವವರಲ್ಲಿ ಅವನೊಬ್ಬನಿಗೆ ಗೊತ್ತಿತ್ತು. ಆದರೂ ಏಳನೆಯ ವಾರ ಮುಂದಿನ ಬೀಜಗಳು ಮುಗಿಯುತ್ತಾ ಬಂದಾಗ ಕೈ ತಾನಾಗಿ ಚೀಟಿಯ ಮೇಲೆ ಹನ್ನೆರಡು ಎಂದು ಬರೆಯಿತು. ಬರೆದದ್ದನ್ನು ಅವನು ಕಣ್ಣರಳಿಸಿ ನೋಡಿದ. ಆಮೇಲೆ ಒಂದು ಗೆರೆ ಹೊಡೆದು, ಎಂಟು ಎಂದು ತಿದ್ದಿ, ಮುಂದಕ್ಕೆ ತಳ್ಳಿದ.